ಎಡಗೆನ್ನೆ ಉಬ್ಬಿದ ಕೆಂಪು ಕಾರು

ತೊರಿನೊ, 2238ರ ಫೆಬ್ರವರಿ 30

ಇಟಲಿಯ ಹಳೆಯ ರೇಸ್ ಕಾರುಗಳನ್ನು ಇನ್ನೂ ಓಡಿಸುತ್ತಿರುವ ಕಾಲದವರಿಗೆ,

ದಿನಾಂಕ ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾದೀತು, ಕ್ಷಮಿಸಬೇಕು. ನಾಲ್ಕು ತಲೆಮಾರಿನಿಂದ ಇಟಲಿಯಲ್ಲೇ ಇದ್ದೇವೆ. ಭಾಷೆ ಬೆಳೆದದ್ದಕ್ಕಿಂತ ಸವೆದದ್ದೇ ಹೆಚ್ಚು. ಮಗು ಮಲಗಿದಾಗ ನನಗೆ ನಿದ್ದೆ ಬರುವುದಿಲ್ಲ, ನನಗೆ ಬಂದಾಗ ಅದು ಮಲಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಹಳೆಯ ಕಾರುಗಳ ಆರೈಕೆಮನೆಯಲ್ಲಿ. ನಿಮ್ಮ ಪೆಟ್ರೋಲು ನಮ್ಮಲ್ಲಿಲ್ಲ. ಕಾರುಗಳನ್ನು ಇಳಿಜಾರಿನಲ್ಲಿ ಉರುಳಬಿಟ್ಟು ತೋರಿಸುತ್ತೇವೆ, ಮಕ್ಕಳು ಬಾಯಲ್ಲೇ ಇಂಜಿನ್ನಿನ ಸದ್ದು ಮಾಡುತ್ತ ಜೊತೆಗೆ ಓಡುತ್ತಾರೆ. ಹೋದ ಚಳಿಗಾಲ ಒಂದು ಕೆಂಪು ಕಾರು ಬಂತು. ಕಾರ್ಖಾನೆ ಕೊಟ್ಟದ್ದು ಬರೀ ಚಾಸಿ ಅನ್ನುವ ಅಡಿಚೌಕಟ್ಟು, ಇಂಜಿನ್ನು. ರೇಸಿಗೆಂದೇ ಅದಕ್ಕೊಂದು ಹಗುರ ಮೈಯನ್ನು ಬೇರೊಂದು ಸಣ್ಣ ಶೆಡ್ಡಿನವರು ಮಾಡಿದ್ದರು, ತೆಳು ಅಲ್ಯೂಮಿನಿಯಮ್ ತಗಡನ್ನು ಮರದ ಅಚ್ಚಿನ ಮೇಲೆ ಕೈಯಿಂದ ಬಡಿದು. ಎಡಕ್ಕೊಬ್ಬ, ಬಲಕ್ಕೊಬ್ಬ ಬಡಿದಿದ್ದಾನೆ ಅನಿಸುತ್ತದೆ: ಎಡ ಚಕ್ರದ ಮೇಲಿನ ತಗಡು ಲಡ್ಡು ತುಂಬಿಕೊಂಡ ಕೆನ್ನೆಯ ಹಾಗೆ, ಬಲದ್ದು ಸಪಾಟು.

ನಮ್ಮ ಕಾಲದವರಿಗೆ ಇದನ್ನು ಸಹಿಸಲಾಗದು. ನಮ್ಮಲ್ಲಿ ಸಾಟಿಯಂತ್ರ ಅಂತಿದೆ. ಒಂದು ಮಗ್ಗುಲನ್ನು ನೋಡಿ ಇನ್ನೊಂದನ್ನು ಅದರ ಪಡಿಯಚ್ಚು ಮಾಡಿಬಿಡುತ್ತದೆ. ಕಾರಿಗಷ್ಟೇ ಅಲ್ಲ. ಹಲ್ಲು ಮೂಡುವ ಮುಂಚೆ ಕೂಸುಗಳ ಮುಖಕ್ಕೂ ಸಾಟಿ ಮಾಡಿಸುತ್ತೇವೆ, ನೀವು ಕಿವಿ ಚುಚ್ಚಿಸಿದಷ್ಟು ಸಲೀಸಾಗಿ. ನನ್ನ ಮಗಳು ತುಂಬೆ ನಕ್ಕರೆ ಎಡದ ತುಟಿಯಷ್ಟೇ ಮೇಲೇಳುತ್ತದೆ. ಉಣ್ಣಲು, ಮಾತಾಡಲು ಏನೂ ತೊಂದರೆಯಾಗದು ಎಂದು ಡಾಕ್ಟರೇ ಹೇಳಿದ್ದಾರೆ. ಆದರೂ ನಮ್ಮತ್ತೆ, "ಹೆಣ್ಣುಮಗು ಕಣೇ, ನಾಳೆ ಶಾಲೆಯಲ್ಲಿ ಸೊಟ್ಟಮೂತಿ ಅಂದರೆ ನೀನು ಹೋಗಿ ಜಗಳ ಆಡ್ತೀಯಾ?" ಅಂದರು. ಆಡ್ತೀನಿ ಅಂದೆ. ಅಂದಮೇಲೂ, ಹೆದರಿಕೊಂಡು, ಸಾಟಿಗೆ ದಿನ ಗೊತ್ತುಮಾಡಿ ಬಂದೆ.

ಅಷ್ಟರಲ್ಲಿ ನಮ್ಮ ಆರೈಕೆಮನೆಯವರು ಆ ಕೆಂಪು ಕಾರಿಗೆ ಸಾಟಿ ಮಾಡಿದರು. ಬಲಕ್ಕೂ ಎಡದಂಥದ್ದೇ ಕೆನ್ನೆ ಬಂತು; ಚೆಂದವೇ ಆಯಿತು. ಬಲಬಾಗಿಲು ಮಾತ್ರ ಮುಚ್ಚಲಿಲ್ಲ. ಬಾಗಿಲನ್ನು ತಿದ್ದಿದರೆ ಗಾಜು ಕೂರಲಿಲ್ಲ, ಗಾಜು ಕೂರಿಸಿದರೆ ಬಾನೆಟ್ಟು ಎದ್ದು ನಿಂತಿತು. ಆ ಸೊಟ್ಟಕ್ಕೆ ಹೊಂದಿಸಿಯೇ ಉಳಿದ ಒಂದೊಂದನ್ನೂ ಬಡಿದಿದ್ದರು. ಹಳೆಯ ಬಲಭಾಗ ಎಲ್ಲಿ ಅಂತ ಕೇಳಿದೆ. "ಕರಗಿಸಾಯ್ತಲ್ಲ ತಾಯಿ," ಅಂದರು ನಮ್ಮ ಮೇಸ್ತ್ರಿ ಲಿಯೋನೆಲ್ಲಾ, ತಲೆ ಕೆರೆದುಕೊಳ್ಳುತ್ತ. ಬಾಗಿಲು ಬಿಟ್ಟುಕೊಂಡ ಕಾರನ್ನು ಇಳಿಜಾರಿಗೆ ಬಿಡುವಂತಿಲ್ಲ. ಮೂಲೆಯಲ್ಲಿ ನಿಂತಿದೆ.

ಮನೆಗೆ ಬಂದವಳೇ ಸಾಟಿ ಬೇಡವೆಂದು ಹೇಳಿ ಕಳಿಸಿದೆ. ಅತ್ತೆ ನನ್ನೊಡನೆ ಮಾತು ಬಿಟ್ಟರು. ಮಗುವನ್ನು ಎತ್ತಿಕೊಳ್ಳುವುದನ್ನು ಬಿಡಲಿಲ್ಲ. ಮಗಳು ಕಾರಲ್ಲ, ಗೊತ್ತು. ನಾಳೆ ಅವಳೇ ಕನ್ನಡಿ ಹಿಡಿದು, ಯಾಕಮ್ಮಾ ನನ್ನೊಬ್ಬಳನ್ನೇ ಹೀಗೆ ಬಿಟ್ಟೆ ಅಂದರೆ ಏನನ್ನಲಿ ಎಂಬ ದಿಗಿಲು ಹೋಗಿಲ್ಲ.

ಅದಕ್ಕೇ ನಿಮ್ಮಲ್ಲೊಂದು ಕೋರಿಕೆ. ಅಂಥ ಕಾರು ನಿಮ್ಮ ಕಣ್ಣಿಗೆ ಬಿದ್ದರೆ ಎದುರಿಗೆ ನಿಂತು ಎರಡೂ ಮಗ್ಗುಲು ನೋಡಿ. ಸೊಟ್ಟವಿದ್ದರೆ ತಿದ್ದಬೇಡಿ, ಹಾಗೆಯೇ ಕಾಪಾಡಿ ನಮ್ಮವರೆಗೂ ದಾಟಿಸಿ. ಬಾಗಿಲು ಸಲೀಸಾಗಿ ಮುಚ್ಚುವ ಸೊಟ್ಟ ಕಾರೊಂದನ್ನು ನಾನು ತುಂಬೆಗೆ ತೋರಿಸಬೇಕಾಗಿದೆ.

ಇತಿ,
ನೇಸರಾ