ಓರಾನ್ ಕಡಲಿಗೆ ಅವ್ವನ ಜೋಗುಳ

ಬಾನ್, ಜರ್ಮನಿ,
೧೦ ನವೆಂಬರ್ ೨೦೨೪

ಪ್ರೀತಿಯ ಅಕ್ಕನಿಗೆ ಜಯಾಳ ನಮಸ್ಕಾರ.

ದೀಪಾವಳಿಗೆ ನೀನು ಕಳಿಸಿದ ಶೇಂಗಾ ಹೋಳಿಗೆ ಬಂದು ಮುಟ್ಟಿ ವಾರವಾಯಿತು, ನಾನು ಒಂದು ಸಾಲೂ ಬರೆಯಲಿಲ್ಲ. ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಸಣ್ಣ ಮನೆಯಲ್ಲಿ ಸಂಜನಾಳ ಕಿವಿಗೆ ಬೀಳುತ್ತದೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಅದಕ್ಕೇ ಈ ಪತ್ರ.

ಮೇಲಿನ ಮನೆಯ ಜರ್ಮನ್ ಮುದುಕಿ, ಫ್ರಾವ್ ಕ್ಲಾಸೆನ್, ನೆನಪಿದ್ದಾರಲ್ಲ? ಸಂಜನಾ ಕೂಸಿದ್ದಾಗ ನಾನು ಕೆಲಸಕ್ಕೆ ಹೋದರೆ ನೋಡಿಕೊಳ್ಳುತ್ತಿದ್ದವರು. ಇವಳು ಇಂದಿಗೂ ಅವರನ್ನು ‘ಓಮಾ’, ಅಂದರೆ ಅಜ್ಜಿ, ಅಂತಲೇ ಕರೆಯುವುದು. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಎರಡನೇ ಮಹಾಯುದ್ಧದಲ್ಲಿ, ತಂದೆಯಿದ್ದ ಸಬ್‌ಮರೀನ್ ಅಲ್ಜೀರಿಯಾದ ಓರಾನ್ ಬಂದರಿನ ಹತ್ತಿರ ಮುಳುಗಿತಂತೆ. ಎಂಬತ್ತು ದಾಟಿದ ಮೇಲೆ, “ಒಮ್ಮೆ ಆ ನೀರು ನೋಡಬೇಕು” ಅಂದರು. ಸಂಜನಾ ಕೂಡಲೇ ಅವರ ಜೊತೆ ಹೊರಟು ನಿಂತಳು.

ತಿರುಗಿ ಬಂದ ಮೇಲೆ ಮುದುಕಿ ನನ್ನನ್ನು ಕರೆದು ಕಾಫಿ ಕೊಟ್ಟು ಎಲ್ಲ ಹೇಳಿದರು. ಬಂದರಿನಲ್ಲಿ ಒಬ್ಬ ವಯಸ್ಸಾದ ಮೀನುಗಾರ ಸಿಕ್ಕನಂತೆ. ಬದುಕಿ ಉಳಿದ ಜರ್ಮನರನ್ನು ಕಂಬಳಿ ಸುತ್ತಿ ಬರಿಗಾಲಲ್ಲಿ ದಡಕ್ಕಿಳಿಸಿದ್ದನ್ನು ಅವನ ತಂದೆ ಕಂಡಿದ್ದನಂತೆ. ಆ ಮಂದಿಯಲ್ಲಿ ತಮ್ಮ ತಂದೆ ಇರಲಿಲ್ಲವಲ್ಲ ಎಂದು ಮುದುಕಿ ಮರುಗಿದರಂತೆ. ಆಮೇಲೆ ಅವನ ದೋಣಿಯಲ್ಲೇ ಹೋಗಿ ನೀರಿಗೆ ಹೂವು ಬಿಟ್ಟರಂತೆ.

“ನನಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಸಂಜನಾ ನಿಮ್ಮ ಭಾಷೆಯಲ್ಲಿ ಹಾಡಿದಳು” ಅಂದು ರಾಗ ಗುನುಗಿ ತೋರಿಸಿದರು. ಅಕ್ಕಾ, ಅದು ಅವ್ವ ನಮಗೆ ಹಾಡುತ್ತಿದ್ದ ಜೋಗುಳ.

ಹಾಡು ಅಂತ ನಾನು ಕೇಳಿದಾಗಲೆಲ್ಲ ಮರೆತೆ ಅಂತ ಜರ್ಮನಿನಲ್ಲೇ ಹೇಳುವ ಹುಡುಗಿ, ಎಂದೂ ಕಾಣದ ಒಬ್ಬ ಸೈನಿಕನಿಗೆ ಪೂರ್ತಿ ಹಾಡಿದ್ದಾಳೆ. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ತಂದೆಯ ಮುಖವನ್ನೇ ಕಾಣದ ಮುದುಕಿಯ ಮೇಲೆ ನನಗೆ ಮತ್ಸರ, ನೋಡು. ಕಾಫಿ ಕಪ್ಪು ತೊಳೆದಿಟ್ಟು ಕೆಳಗೆ ಬಂದೆ.

ನಮ್ಮ ಮನೆಯವರಿಗೆ ಹೇಳಿದರೆ, “ಕೂಸಿದ್ದಾಗಿಂದ ಸಾಕ್ಯಾರ, ಪ್ರೀತಿ ಇರ್ತದ. ಇದರಾಗ ನಿಂದೇನು ಹೋತು?” ಅಂದರು.

ಮರುದಿನ ಸಂಜನಾಳಿಗೆ, “ನನಗೂ ಒಮ್ಮೆ ಹಾಡಿ ತೋರಸವಾ” ಅಂದೆ. ಆಮೇಲೆ ಅಂತ ಜರ್ಮನಿನಲ್ಲಿ ಹೇಳಿ, ಓಮಾಗೆ ಸೂಪು ತಗೊಂಡು ಮೇಲೆ ಹೋದಳು. ಇನ್ನೂ ಹಾಡಿಲ್ಲ.

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಭಾವನವರಿಗೆ ನಮಸ್ಕಾರ. ಅಭಿನವನಿಗೆ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಓದಲಿ.

ನಿನ್ನ ತಂಗಿ,
ಜಯಾ

ತಾ.ಕ.: ಒಂದು ಮಾತು ನಮ್ಮ ಮನೆಯವರಿಗೂ ಹೇಳಿಲ್ಲ. ಓರಾನ್‌ಗೆ ನಾನೂ ಹೋಗಬೇಕೆಂದು ರಜೆ ಹಾಕಿದ್ದೆ, ಬ್ಯಾಗೂ ತೆಗೆದಿಟ್ಟಿದ್ದೆ. ಸಂಜನಾ ಮೆತ್ತಗೆ ನನ್ನ ಕೈ ಹಿಡಿದು, “ಬ್ಯಾಡ ಮಮ್ಮಿ, ಇದು ಮನೀ ಮಂದಿ ಅಷ್ಟ ಹೋಗೂದು” ಅಂದಳು. ಅದನ್ನು ಮಾತ್ರ ಕನ್ನಡದಲ್ಲೇ ಅಂದಳು.