ಚಿಲಕ ಹಾಕಿ ತೆಗೆದ ಅಳತೆ

ಮಾರ್ಚ್ 9, ಸೋಮವಾರ

ಮಗಳಾಡಿದ ಆ ಒಂದು ಇಂಗ್ಲಿಷ್ ಮಾತು ಇನ್ನೂ ಮುಳ್ಳಿನಂತೆ ಚುಚ್ಚುತ್ತಿದೆ.

ಬಟ್ಟೆ ಹೊಲಿಯುವ ನನ್ನ ತಂಗಿ ಇವತ್ತು ಬಂದು, ಎಂದಿನಂತೆ ಕೋಣೆಯ ಚಿಲಕ ಹಾಕಿಕೊಂಡು ನನ್ನ ಹೆಂಡತಿಯ ಬ್ಲೌಸಿಗೆ ಅಳತೆ ತೆಗೆದಳು. ಹೊರಗೆ ಬಂದಾಗ ಮಗಳು, "ಅಮ್ಮನ ಅಳತೆ ಏನು ಚಿದಂಬರ ರಹಸ್ಯಾನಾ ಅತ್ತೆ? ನೀವು ತುಂಬಾ ಸೀಕ್ರೆಟಿವ್ ಬಿಡಿ," ಎಂದು ನಕ್ಕಳು.

"ಹೌದು ಕಣೆ, ನಿಮ್ಮಪ್ಪನ ಥರ ಡಂಗುರ ಹೊಡೆಯೋಕೆ ನಂಗೆ ಬರಲ್ಲ," ಎಂದಳು ತಂಗಿ. ಮುಖ ಮಾತ್ರ ಬಾಡಿತ್ತು.

ಮಗಳು ಹಾಸ್ಟೆಲಿನಲ್ಲಿದ್ದಾಗ, ಕ್ಯಾನ್ಸರ್ ಎಂದು ನನ್ನ ಹೆಂಡತಿಯ ಎಡಗಡೆಯ ಎದೆ ತೆಗೆದರು. ಮಗಳಿಗೆ ತಿಳಿಯಬಾರದೆಂದು ನನ್ನಿಂದಲೂ ತಂಗಿಯಿಂದಲೂ ಆಣೆ ಮಾಡಿಸಿಕೊಂಡಳು. ಅಂದಿನಿಂದ ತಂಗಿ ಬ್ಲೌಸಿನ ಆ ಪಕ್ಕಕ್ಕೆ ಹತ್ತಿ ತುಂಬಿ ಹೊಲಿದುಕೊಡುತ್ತಾಳೆ. ಎಳ್ಳು ನೆನೆಯದ ನನ್ನ ಬಾಯಿ ಕೂಡ ಅದೊಂದನ್ನು ಕಾಪಾಡಿದೆ. ಸೀಕ್ರೆಟಿವ್ ಅನ್ನಿಸಿಕೊಂಡವಳು ಮಾತ್ರ ತಂಗಿ.

ಈಗ ಮಲಗುವ ಮುನ್ನ ಇವಳು ಗೋಡೆಯ ಕಡೆ ತಿರುಗಿ ಹೇಳಿದಳು: "ನನ್ನಿಂದ ನಿಮ್ಮ ತಂಗಿ ಯಾಕ್ರೀ ಅನ್ನಿಸ್ಕೋಬೇಕು? ನಾಳೆ ತೊಡಿಸಿ ನೋಡೋಕೆ ಬರ್ತಾಳಲ್ಲ, ಚಿಲಕ ಬೇಡ. ಪುಟ್ಟಿನೂ ಒಳಗೆ ಬರಲಿ."

ಊರಿಗೆಲ್ಲ ಕಥೆ ಹೇಳುವ ನಾನು "ಹೂಂ" ಎಂದೆ, ಅಷ್ಟೇ. ಹೂಂಗುಟ್ಟುವ ಸರದಿ ಇವತ್ತು ನನ್ನದು.