ಚಾಂದನಿಯ ಹೊಟ್ಟೆಗೆ ಔಷಧಿ

4 ಫೆಬ್ರವರಿ, ಮಂಗಳವಾರ

ಸತ್ಯನಾರಾಯಣಪೇಟೆಯಿಂದ ಏಳಕ್ಕೇ ಹೊರಟರೂ ಬಸ್ ಲೇಟು. ಕುರುಗೋಡಿನ ದನದ ಆಸ್ಪತ್ರೆ ಮುಂದೆ ನಾಲ್ಕು ಎಮ್ಮೆ, ಎರಡು ಕುರಿ, ಜೊತೆಗೆ ಒಂದು ಬಿಳಿ ಕುದುರೆ. ಮದುವೆ ಮೆರವಣಿಗೆಯದು. ಹೆಸರು ಚಾಂದನಿ. ಮಾಲೀಕ ಗಾದಿಲಿಂಗಪ್ಪ. ಹದಿನೈದು ದಿನದ ಹಿಂದೆ ಬೇಲಿಯ ಕಂಬಿ ಹೊಟ್ಟೆಗೆ ಚುಚ್ಚಿತ್ತಂತೆ. ಮೇಲೆ ಗಾಯ ಮಾಯ್ದಿದೆ, ಒಳಗೆ ಕೀವು. ಜ್ವರ 104. ಮೂರು ದಿನದಿಂದ ಮೇವು ಮುಟ್ಟಿಲ್ಲ.

"ಮೊದಲ ಯಾಕ ತರಲಿಲ್ಲರಿ?"

"ಮ್ಯಾಲ ವಾಸಿ ಆಗಿತ್ತಲ್ರಿ ಮೇಡಂ."

ಆಗಿತ್ತಲ್ರಿ! ತಲೆ ಚಚ್ಚಿಕೊಳ್ಳಬೇಕು.

5 ಫೆಬ್ರವರಿ

ಬರೀ ಇಂಜೆಕ್ಷನ್ ಸಾಲದು. ಆಂಟಿಬಯಾಟಿಕ್ ನೇರ ಹೊಟ್ಟೆಯೊಳಗೇ ಹೋಗಬೇಕು. ಓದಿದ್ದೆ, ಕಾಲೇಜಿನಲ್ಲಿ ಒಮ್ಮೆ ನೋಡಿದ್ದೆ, ಮಾಡಿರಲಿಲ್ಲ. ಕೂದಲು ಬೋಳಿಸಿ, ಮರಗಟ್ಟಿಸಿ, ಕೆಳಹೊಟ್ಟೆಗೆ ಸಣ್ಣ ನಳಿಕೆ ಇಟ್ಟು ಹೊಲಿದೆ. ಶುರುಮಾಡುವ ಮೊದಲು ಎರಡು ಸಲ ಪುಸ್ತಕ ತೆರೆದು ನೋಡಿದ್ದೆ... ಇಲ್ಲಿ ಬರೆಯಲು ಏನು ನಾಚಿಕೆ. ಬೆಚ್ಚಗಿನ ಸಲೈನ್ ಬಿಟ್ಟು ತೊಳೆದು, ಹೊಲಸೆಲ್ಲ ಇಳಿಸಿ, ಔಷಧಿ ಹಾಕಿ ನಳಿಕೆಯ ಟ್ಯಾಪ್ ಮುಚ್ಚಿದೆ. ನಾನಿಲ್ಲದಾಗ ಬೇಕಾಗುತ್ತದೆ ಅಂತ ಗಾದಿಲಿಂಗಪ್ಪನಿಗೂ ಕಲಿಸಿದೆ. ಕೈ ತೊಳೆಯುವುದನ್ನೇ ಆರು ಸಲ.

"ಔಷಧಿ ಹಾಕಿದ ಮ್ಯಾಲ ನಡಸ್ರಿ. ನಿಂತ್ರ ಔಷಧಿ ಒಂದ ಕಡೀನ ನಿಲ್ಲತೈತಿ."

"ನಡಸ್ತೀನ್ರಿ."

7 ಫೆಬ್ರವರಿ, ಶುಕ್ರವಾರ — ಸಿರುಗುಪ್ಪ

ನಿನ್ನೆ ಸಂಜೆ ಜ್ವರ 102, ಎರಡು ಹಿಡಿ ಮೇವೂ ತಿಂದಿದ್ದಳು. ಖುಷಿಯಲ್ಲೇ ಇವತ್ತು ಮೀಟಿಂಗಿಗೆ ಬಂದೆ. ರೋಡ್ ಜಾಮ್. ಬ್ಯಾಂಡು, ಮೆರವಣಿಗೆ, ಬಿಳಿ ಕುದುರೆ ಮೇಲೆ ಮದುಮಗ. ಹಗ್ಗ ಹಿಡಿದವನು... ಗಾದಿಲಿಂಗಪ್ಪ! ಇಲಾಖೆ ಜೀಪಿನಿಂದ ಇಳಿದು ಓಡಿ ಜರಿ ಹೊದಿಕೆ ಎತ್ತಿದೆ. ಕೆಳಗೆ ನನ್ನ ನಳಿಕೆ.

"ಏನ್ರಿ ಇದು!"

"ನೀವ ನಡಸಾಕ ಹೇಳಿದ್ರಲ್ರಿ. ಮುಂಜಾನಿಂದ ನಡಸಾಕ ಹತ್ತೀನಿ."

ಮೇಲಿಂದ ಮದುಮಗ, "ನಾ ಇಳೀಲೇನ್ರಿ ಮೇಡಂ?"

ಇಳಿಸಿದೆ. ಬೀಗರೆಲ್ಲರ ಎದುರೇ ಗಾದಿಲಿಂಗಪ್ಪನ ಗ್ರಹಚಾರ ಬಿಡಿಸಿದೆ. "ಇನ್ನ ಒಂದ ಹೆಜ್ಜಿ ನಡಸಿದ್ರ ನಾ ನಿಮ್ಮ ಮನಿ ಕಡೆ ತಿರುಗಿ ನೋಡಂಗಿಲ್ಲ!" ಟೆಂಪೋ ಹತ್ತಿಸಿ ವಾಪಸ್ ಕಳಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ.

10 ಫೆಬ್ರವರಿ, ಸೋಮವಾರ

ಎರಡು ದಿನ ರಾರಾವಿಯಲ್ಲಿ ಲಸಿಕೆ ಕ್ಯಾಂಪ್. ಗಾದಿಲಿಂಗಪ್ಪನಿಗೆ ಫೋನ್ ಮಾಡಲಿಲ್ಲ. ಬೇಕಂತಲೇ ಮಾಡಲಿಲ್ಲ. ಇವತ್ತು ಅವನ ಮನೆಗೆ ಹೋಗಿ ನೋಡಿದರೆ ಜ್ವರ ಮತ್ತೆ 104. ನಳಿಕೆಯಿಂದ ಮತ್ತೆ ಕೀವು ನೀರು. ಚಾಂದನಿ ತಲೆ ಎತ್ತುತ್ತಿಲ್ಲ.

"ಔಷಧಿ ತಪ್ಸಿದ್ರೇನು?"

"ಇಲ್ರಿ. ಎರಡೂ ಹೊತ್ತು ಹಾಕೀನಿ. ಕೈ ತೊಳಕೊಂಡ."

"ನಡಸಿದ್ರಿ?"

"ಎಲ್ಲಿ ನಡಸ್ಲಿ? ಒಂದ ಹೆಜ್ಜಿ ನಡಸಿದ್ರ ಬರಂಗಿಲ್ಲ ಅಂದ್ರಲ್ರಿ. ಕಾಲು ಕಟ್ಟಿ ನಿಲ್ಸೀನಿ. ನೀವು ಬರದಿದ್ರ ಇಕಿ ಉಳೀತಾಳೇನ್ರಿ?"

ಬೈಯಲು ಬಾಯಿ ತೆರೆದವಳು ಬಗ್ಗಿ ಕುದುರೆಯ ಕಾಲಿನ ಹಗ್ಗ ಬಿಚ್ಚಿದೆ. ನಡೆಸಿ ಅಂದಾಗ ಎಷ್ಟು ಹೊತ್ತು ಅಂತ ನಾನು ಹೇಳಿರಲೇ ಇಲ್ಲ. ಈ ಕುದುರೆ ಸತ್ತರೆ ನನ್ನ ಬಾಯಿಂದಲೇ ಸಾಯುತ್ತದೆ. ಹೆದರಿಕೆಯಾಗಿದೆ.

12 ಫೆಬ್ರವರಿ, ಬುಧವಾರ — ಬೆಳಿಗ್ಗೆ 8:20, ಗಾದಿಲಿಂಗಪ್ಪನ ಮನೆ

ನಿನ್ನೆಯೆಲ್ಲ ಹೊಟ್ಟೆ ತೊಳೆದದ್ದೇ ತೊಳೆದದ್ದು. ಜ್ವರ 102. ಆದರೆ ಶುಕ್ರವಾರದಿಂದ ಮೇವಿಗೆ ಮೂಗು ಕೂಡ ತಾಗಿಸುತ್ತಿಲ್ಲ. ಇವತ್ತೂ ತಿನ್ನದಿದ್ದರೆ ಆಸೆ ಕೈಬಿಟ್ಟಂತೆಯೇ. ಹೇಳಿಯೇಬಿಟ್ಟೆ, "ತಪ್ಪು ನಂದ ಐತ್ರಿ."

"ಅದೆಲ್ಲ ಆಮ್ಯಾಲ. ಎಷ್ಟು ಹೊತ್ತು ನಡಸ್ಲಿ, ಅದ ಹೇಳ್ರಿ."

ಇಪ್ಪತ್ತು ನಿಮಿಷ ಅಂದೆ. ನನ್ನ ವಾಚು ಬಿಚ್ಚಿ ಕೊಟ್ಟೆ. ಹಿತ್ತಲಲ್ಲಿ ಸುತ್ತಿಸುತ್ತಿದ್ದಾನೆ. ಸುಮ್ಮನೆ ನೋಡುತ್ತ ಕೂರಲಾಗದೆ ಕಟ್ಟೆ ಮೇಲೆ ಇದನ್ನು ಗೀಚುತ್ತಿದ್ದೇನೆ.

ಚಾಂದನಿ ನಿಂತುಬಿಟ್ಟಳು. ಜಗ್ಗಿದರೂ ಬರುತ್ತಿಲ್ಲ.

"ಇನ್ನ ಐದು ನಿಮಿಷ ಐತ್ರಿ ಮೇಡಂ, ಏನ್ ಮಾಡ್ಲಿ?"

ಅಯ್ಯೋ ಮಹಾರಾಯ, ವಾಚು ಬಿಟ್ಟು ಕುದುರೆ ಕಡೆ ನೋಡೋ! ಬೇಲಿ ಬದಿಯ ಹುಲ್ಲಿಗೆ ಬಾಯಿ ಹಾಕಿದ್ದಾಳೆ, ತಿನ್ನುತ್ತಿದ್ದಾ—